ಗಿಣ್ಣು ಗಟ್ಟಿಯಾಗುತ್ತೆ, ದಿನಾ ಕಾಯಿಸೋ ಹಾಲು ಯಾಕೆ ಆಗಲ್ಲ?

ಸಾಗರದ_ಸೊಸೆ · ಭಾನುವಾರ, ರಾತ್ರಿ 9:10

ನಮ್ಮನೆ ಹಸು ಗುರುವಾರ ಕರು ಹಾಕಿತು. ಕರು ಹೊಟ್ಟೆ ತುಂಬ ಕುಡಿದು ಮಿಕ್ಕ ಮೊದಲ ದಿನದ ಹಾಲಿಗೆ ಅತ್ತೆ ಅಷ್ಟೇ ಮಾಮೂಲಿ ಹಾಲು ಬೆರೆಸಿ, ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರು. ಚಾಕುವಿನಲ್ಲಿ ಕತ್ತರಿಸುವ ಹಾಗೆ ಗಿಣ್ಣು ಬಂತು. ಇವತ್ತು ನಾಲ್ಕನೇ ದಿನದ ಹಾಲಲ್ಲಿ ನಾನೇ ಮಾಡೋಣ ಅಂತ ಹೊರಟೆ, ಬೇರೆ ಹಾಲು ಒಂದು ಚಮಚವೂ ಬೆರೆಸಲಿಲ್ಲ. ಮುಕ್ಕಾಲು ಗಂಟೆ ಹಬೆ ಕೊಟ್ಟ ಮೇಲೂ ಪಾತ್ರೆಯಲ್ಲಿ ಇದ್ದದ್ದು ಬೆಲ್ಲದ ಹಾಲು.

ಎಂಟನೇ ಕ್ಲಾಸಿನ ಮಗಳು ಪಕ್ಕದಲ್ಲಿ ನಿಂತು ಕೇಳಿದಳು: "ಮೊಸರಿಗೆ ಹೆಪ್ಪು ಹಾಕ್ತೀವಿ, ಪನೀರಿಗೆ ನಿಂಬೆಹುಳಿ ಹಿಂಡ್ತೀವಿ. ಗಿಣ್ಣಿಗೆ ಏನೂ ಹಾಕಲ್ಲ, ಬರೀ ಬಿಸಿ. ಹಾಗಿದ್ರೆ ದಿನಾ ಕಾಯಿಸೋ ಹಾಲು ಯಾಕಮ್ಮ ಗಿಣ್ಣಾಗಲ್ಲ?" ಅತ್ತೆಗೂ ನನಗೂ ಉತ್ತರ ಹೊಳೆಯಲಿಲ್ಲ. ಗೊತ್ತಿದ್ದವರು ಬಿಡಿಸಿ ಹೇಳಿ.

ಅವ್ವನ_ಅಡಗಿ · ಭಾನುವಾರ, ರಾತ್ರಿ 9:32

ನಮ್ಮ ಕಡೆ ಗಿಣ್ಣ ಅಂತೀವ್ರಿ ಅಕ್ಕಾರ. ಮೊದಲನೇ ದಿನದ ಹಾಲು ಭಾಳ ದಪ್ಪ ಇರ್ತದ, ಅದಕ್ಕ ಗಟ್ಟಿ ಆಗ್ತದ ಅಂತ ನಮ್ಮವ್ವ ಹೇಳತಿದ್ಲು. ಆದ್ರ ಎಮ್ಮಿ ಹಾಲೂ ದಪ್ಪನ ಇರ್ತದಲ್ಲ, ಅದು ಯಾಕ ಆಗಂಗಿಲ್ಲ? ನಿಮ್ಮ ಮಗಳು ಕೇಳಿದ್ದು ನನ್ನ ತಲ್ಯಾಗೂ ಹೊಕ್ತ ನೋಡ್ರಿ.

ತುಮಕೂರು_ಮೇಷ್ಟ್ರು · ಭಾನುವಾರ, ರಾತ್ರಿ 10:45

ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟು ಇಪ್ಪತ್ತಾರು ವರ್ಷವಾಯಿತು, ಇಷ್ಟು ಒಳ್ಳೆಯ ಪ್ರಶ್ನೆ ತರಗತಿಯಲ್ಲಿ ಬಂದದ್ದು ಕಡಿಮೆ. ಮಗಳಿಗೆ ನನ್ನ ಶಹಬ್ಬಾಸ್ ಹೇಳಿ ಅಮ್ಮ.

ದಪ್ಪ ಅನ್ನುವುದು ಅರ್ಧ ಉತ್ತರ. ದಪ್ಪ ಯಾವುದರಿಂದ ಬಂತು ಅನ್ನುವುದು ಇನ್ನರ್ಧ. ಎಮ್ಮೆ ಹಾಲಿನ ದಪ್ಪ ಹೆಚ್ಚಾಗಿ ಕೊಬ್ಬಿನದು. ಮಾಮೂಲಿ ಹಸುವಿನ ಹಾಲಿನಲ್ಲಿ ಪ್ರೋಟೀನು ನೂರಕ್ಕೆ ಮೂರೂಕಾಲು ಪಾಲು ಇದ್ದರೆ ಹೆಚ್ಚು, ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಕೇಸೀನ್. ಕರು ಹಾಕಿದ ಮೊದಲ ಹಾಲಿನಲ್ಲಿ ಪ್ರೋಟೀನು ನೂರಕ್ಕೆ 14ರ ಆಸುಪಾಸು. ಹಾಗೆ ಹೆಚ್ಚಾದದ್ದರಲ್ಲಿ ದೊಡ್ಡ ಪಾಲು ರೋಗ ತಡೆಯುವ ಪ್ರತಿಕಾಯಗಳದ್ದು, ಅಂದರೆ ಇಮ್ಯುನೋಗ್ಲೋಬ್ಯುಲಿನ್‌ಗಳದ್ದು. ಹಸುವಿನ ಹೊಟ್ಟೆಯಲ್ಲಿರುವ ಕರುವಿಗೆ ಮಾಸದ ಮೂಲಕ ತಾಯಿಯ ಪ್ರತಿಕಾಯ ದಾಟುವುದಿಲ್ಲ. ಹುಟ್ಟಿದ ಮೊದಲ ಒಂದು ದಿನ ಮಾತ್ರ ಕರುವಿನ ಕರುಳು ಅವನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ, ಆಮೇಲೆ ಆ ಬಾಗಿಲು ಮುಚ್ಚುತ್ತದೆ. ನೀವು ಮೊದಲು ಕರುವಿಗೆ ಹೊಟ್ಟೆ ತುಂಬ ಕುಡಿಸಿದಿರಿ ಅಂತ ಬರೆದದ್ದು ಓದಿ ಸಮಾಧಾನವಾಯಿತು. ಗಿಣ್ಣಿನ ಆಸೆಗೆ ಕರುವನ್ನು ಬೇಗ ಬಿಡಿಸುವವರನ್ನೂ ಕಂಡಿದ್ದೇನೆ, ಆ ಕರುಗಳು ಸಣ್ಣ ಬೇಧಿಗೂ ಸೋಲುತ್ತವೆ.

ಪ್ರೋಟೀನ್ ಅಂದರೆ ಇಪ್ಪತ್ತು ಬಗೆಯ ಹೂವು ಸೇರಿಸಿ ಕಟ್ಟಿದ ಒಂದು ಮಾಲೆ ಅಂದುಕೊಳ್ಳಿ. ಹೂವು ಅಂದರೆ ಅಮೈನೋ ಆಮ್ಲ. ಕೆಲವಕ್ಕೆ ನೀರು ಇಷ್ಟ, ಕೆಲವಕ್ಕೆ ನೀರು ಕಂಡರಾಗದು. ನೀರು ಬೇಡದವು ಒಳಗೆ ಅವಿತುಕೊಂಡು, ನೀರು ಬೇಕಾದವು ಹೊರಗೆ ಬರುವಂತೆ ಮಾಲೆ ತಾನಾಗಿ ಸುತ್ತಿ ಮಡಚಿಕೊಳ್ಳುತ್ತದೆ. ಪ್ರತಿಕಾಯ ಹೀಗೆ ಬಿಗಿಯಾಗಿ ಮಡಚಿದ ಪ್ರೋಟೀನು. 70 ಡಿಗ್ರಿ ದಾಟಿದ ಮೇಲೆ ಆ ಮಡಿಕೆ ಬಿಚ್ಚುತ್ತದೆ. ಒಳಗೆ ಅವಿತಿದ್ದ ಭಾಗಗಳು ನೀರಿಗೆ ಬಿದ್ದ ಕೂಡಲೇ ಪಕ್ಕದ ಇನ್ನೊಂದು ಬಿಚ್ಚಿದ ಮಾಲೆಯನ್ನು ಅಪ್ಪಿಕೊಳ್ಳುತ್ತವೆ. ಗಂಧಕದ ಪರಮಾಣುಗಳು ಅಲ್ಲಲ್ಲಿ ಗಂಟು ಹಾಕುತ್ತವೆ. ಪಾತ್ರೆ ತುಂಬ ಒಂದೇ ಬಲೆ ಹೆಣೆದುಕೊಂಡು ನೀರು, ಬೆಲ್ಲ ಎಲ್ಲ ಅದರ ಕಣ್ಣುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅದೇ ಗಿಣ್ಣು.

ಕೇಸೀನಿನ ಕಥೆ ಬೇರೆ. ಅದಕ್ಕೆ ಬಿಗಿಯಾದ ಮಡಿಕೆಯೇ ಇಲ್ಲ. ಸಡಿಲವಾಗಿ ಹರಡಿಕೊಂಡ ಮಾಲೆಗಳು ಸಾವಿರಗಟ್ಟಲೆ ಸೇರಿ, ನಡುವೆ ಕ್ಯಾಲ್ಸಿಯಂ ಫಾಸ್ಫೇಟನ್ನು ಹಿಡಿದುಕೊಂಡು ಸಣ್ಣ ಉಂಡೆಯಾಗಿ ಹಾಲಿನಲ್ಲಿ ತೇಲುತ್ತಿರುತ್ತವೆ. ಇಲ್ಲದ ಮಡಿಕೆಯನ್ನು ಬೆಂಕಿ ಬಿಚ್ಚುವುದು ಹೇಗೆ? ಅದಕ್ಕೇ ಹಾಲು ಎಷ್ಟು ಕುದಿದರೂ ಹಾಲೇ. ಮಾಮೂಲಿ ಹಾಲಿನಲ್ಲೂ ಬಿಗಿ ಮಡಿಕೆಯ ಪ್ರೋಟೀನು ಐದರಲ್ಲಿ ಒಂದು ಪಾಲು ಇದೆ, ಕಾಯಿಸಿದಾಗ ಅವು ಬಿಚ್ಚುತ್ತವೆ. ಆದರೆ ಬಲೆ ಹೆಣೆಯುವಷ್ಟು ಇಲ್ಲದೆ ಕೇಸೀನ್ ಉಂಡೆಗಳ ಮೈಗೇ ಅಂಟಿಕೊಳ್ಳುತ್ತವೆ. ನಾಲ್ಕನೇ ದಿನಕ್ಕೆ ನಿಮ್ಮ ಹಸುವಿನ ಹಾಲೂ ಬಹುಮಟ್ಟಿಗೆ ಈ ಹದಕ್ಕೆ ಬಂದಿರುತ್ತದೆ. ಮೊಸರು, ಪನೀರಿನಲ್ಲಿ ಕೇಸೀನನ್ನು ಸೇರಿಸುವುದು ಹುಳಿ. ದಾರಿಯೇ ಬೇರೆ.

ಸಾಗರದ_ಸೊಸೆ · ಸೋಮವಾರ, ಬೆಳಗ್ಗೆ 6:20

ಮೇಷ್ಟ್ರೇ, ಮಗಳಿಗೆ ಓದಿ ಹೇಳಿದೆ. ಅವಳ ಮುಂದಿನ ಪ್ರಶ್ನೆ ತಯಾರಿತ್ತು: ಬಿಸಿಗೆ ಬಿಚ್ಚಿದ್ದು ಆರಿದ ಮೇಲೆ ಮತ್ತೆ ಯಾಕೆ ಮಡಚಿಕೊಳ್ಳಲ್ಲ? ಗಿಣ್ಣು ತಣ್ಣಗಾದರೆ ವಾಪಸ್ ಹಾಲಾಗಬೇಕಲ್ಲ?

ತುಮಕೂರು_ಮೇಷ್ಟ್ರು · ಸೋಮವಾರ, ಬೆಳಗ್ಗೆ 7:05

ಬೆಂದ ಮೊಟ್ಟೆ ಹಸಿಯಾಗುವುದಿಲ್ಲ, ಬೆಂದ ಗಿಣ್ಣು ಹಾಲಾಗುವುದಿಲ್ಲ. ಮಡಿಕೆ ಒಮ್ಮೆ ಬಿಚ್ಚಿದರೆ ಹಿಂದಿರುಗುವ ದಾರಿ ಇಲ್ಲ ಅಂತ ಹೇಳಿ ಅಮ್ಮ.

ಕೊಪ್ಪದ_ಹುಡುಗಿ · ಸೋಮವಾರ, ಮಧ್ಯಾಹ್ನ 1:15

ಮೇಷ್ಟ್ರೇ, ಗೌರವದಿಂದಲೇ ಒಂದು ತಿದ್ದುಪಡಿ. ಹಿಂದಿರುಗುವ ದಾರಿ ಇದೆ. ನಾನು ಹೊರದೇಶದಲ್ಲಿ ಪ್ರೋಟೀನ್ ಮಡಿಕೆಯ ಮೇಲೇ ಕೆಲಸ ಮಾಡುವವಳು, ಈ ಪ್ರಶ್ನೆ ಬಿಟ್ಟು ಸುಮ್ಮನಿರಲು ಆಗಲಿಲ್ಲ.

ಅಮೆರಿಕದ ಬೆಥೆಸ್ಡಾದಲ್ಲಿ ಕ್ರಿಶ್ಚಿಯನ್ ಆನ್‌ಫಿನ್‌ಸೆನ್ ಅನ್ನುವ ವಿಜ್ಞಾನಿ 1950ರ ದಶಕದ ಕೊನೆಗೆ, 60ರ ದಶಕದ ಮೊದಲಿಗೆ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವವನ್ನು ತೆಗೆದುಕೊಂಡರು. ಇದು 124 ಅಮೈನೋ ಆಮ್ಲಗಳ ಮಾಲೆ. ಅದರಲ್ಲಿ ಗಂಧಕವಿರುವ ಸಿಸ್ಟೀನ್ 8, ಎರಡೆರಡು ಜೋಡಿಯಾಗಿ 4 ಗಂಟು. ಯೂರಿಯಾ ಹಾಕಿ ಮಡಿಕೆ ಬಿಚ್ಚಿದರು, ಇನ್ನೊಂದು ರಾಸಾಯನಿಕ ಹಾಕಿ ಗಂಟುಗಳನ್ನೂ ಬಿಡಿಸಿದರು. ಕಿಣ್ವ ಕೆಲಸ ನಿಲ್ಲಿಸಿತು. ಆಮೇಲೆ ಎರಡನ್ನೂ ತೊಳೆದು ತೆಗೆದರು. ಎಂಟು ಸಿಸ್ಟೀನ್‌ಗಳು ಜೋಡಿಯಾಗಲು 105 ಬಗೆ ಇದೆ, ಸರಿಯಾದದ್ದು ಒಂದೇ. ಮಾಲೆ ಆ ಒಂದನ್ನೇ ಹುಡುಕಿಕೊಂಡು ಮೊದಲಿನ ಆಕಾರಕ್ಕೆ ಮರಳಿತು, ಕೆಲಸವನ್ನೂ ಶುರುಮಾಡಿತು. ಯೂರಿಯಾ ಇನ್ನೂ ಇರುವಾಗಲೇ ಗಂಟು ಬೀಳಲು ಬಿಟ್ಟರೆ ಮಾತ್ರ ಸಿಕ್ಕಸಿಕ್ಕ ಕಡೆ ಗಂಟು ಬಿದ್ದು, ನೂರರಲ್ಲಿ ಒಂದು ಪಾಲಿನಷ್ಟು ಶಕ್ತಿ ಉಳಿಯಿತು. ಆಕಾರದ ಗುಟ್ಟು ಹೂವು ಪೋಣಿಸಿದ ಕ್ರಮದಲ್ಲೇ ಇದೆ ಅಂತ ಇದರಿಂದ ತಿಳಿಯಿತು. 1972ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಮೊಟ್ಟೆಯೂ ಹಾಗೆಯೇ. 2015ರಲ್ಲಿ ಗ್ರೆಗರಿ ವೈಸ್, ಕಾಲಿನ್ ರ್‍ಯಾಸ್ಟನ್ ಇವರ ತಂಡಗಳು ಬೆಂದ ಮೊಟ್ಟೆಯ ಬಿಳಿಯನ್ನು ಯೂರಿಯಾದಲ್ಲಿ ಕರಗಿಸಿ, ಜೋರಾಗಿ ತಿರುಗುವ ಕೊಳವೆಯಲ್ಲಿ ತೆಳು ಪದರವಾಗಿ ಹರಿಸಿ, ಅದರಲ್ಲಿದ್ದ ಲೈಸೋಜೈಮ್ ಎಂಬ ಕಿಣ್ವವನ್ನು ಮತ್ತೆ ಕೆಲಸ ಮಾಡುವ ಆಕಾರಕ್ಕೆ ತಂದರು. ಇಡೀ ಮೊಟ್ಟೆ ಹಸಿಯಾಗಲಿಲ್ಲ, ಒಂದು ಪ್ರೋಟೀನು ಮರಳಿತು.

ಹಾಗಾದರೆ ಗಿಣ್ಣು ಯಾಕೆ ಮರಳುವುದಿಲ್ಲ? ಜನಸಂದಣಿ. ಆನ್‌ಫಿನ್‌ಸೆನ್ ಕೊಳವೆಯಲ್ಲಿ ಪ್ರೋಟೀನು ಬಹಳ ತೆಳುವಾಗಿತ್ತು. ಬಿಚ್ಚಿಕೊಂಡ ಮಾಲೆಗೆ ಕೈಚಾಚಿದರೆ ಸಿಗುತ್ತಿದ್ದದ್ದು ತನ್ನದೇ ಇನ್ನೊಂದು ತುದಿ. ಗಿಣ್ಣಿನ ಹಾಲಿನಲ್ಲಿ ಕೈಚಾಚಿದರೆ ಸಿಗುವುದು ನೆರೆಯವಳ ಸೆರಗು. ಒಂದು ಸಲ ಹಾಗೆ ಸಿಕ್ಕಿಕೊಂಡ ಮೇಲೆ ಬಿಡಿಸಿಕೊಳ್ಳುವುದು ಕಷ್ಟ. ನಿಮ್ಮ ಅತ್ತೆ ಮಾಮೂಲಿ ಹಾಲು ಬೆರೆಸುತ್ತಾರಲ್ಲ ಅಕ್ಕ, ಅದು ಈ ಸಂದಣಿಯ ಹದ. ಬೆರೆಸದಿದ್ದರೆ ರಬ್ಬರಿನಂತೆ ಬಿರುಸಾಗುತ್ತದೆ, ಹೆಚ್ಚು ಬೆರೆಸಿದರೆ ಕಟ್ಟುವುದೇ ಇಲ್ಲ.

ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಇದರ ಮುಂದಿನ ಮಾತು. ಗಿಣ್ಣಿನ ಹಾಲಿನಲ್ಲಿ ಪ್ರೋಟೀನು ಲೀಟರಿಗೆ 140 ಗ್ರಾಂ. ಒಂದು ಬ್ಯಾಕ್ಟೀರಿಯಾದ ಒಳಗೆ ಲೀಟರಿಗೆ ಸುಮಾರು 300 ಗ್ರಾಂ! ನಮ್ಮ ಜೀವಕೋಶಗಳೂ ಇಂಥದೇ ಸಂತೆ. ಅಲ್ಲಿ ಗಳಿಗೆ ಗಳಿಗೆಗೂ ಹೊಸ ಮಾಲೆಗಳು ಮಡಚದ ಸ್ಥಿತಿಯಲ್ಲೇ ಹುಟ್ಟಿ ಬರುತ್ತವೆ. ಆದರೂ ನಾವು ಗಿಣ್ಣಾಗುವುದಿಲ್ಲ. ಯಾಕೆಂದರೆ ಕೋಶದಲ್ಲಿ ಶಾಪರೋನ್ ಎಂಬ ಸಹಾಯಕ ಪ್ರೋಟೀನುಗಳಿವೆ. ಹೊಸ ಮಾಲೆ ಹೊರಬರುತ್ತಿರುವಾಗಲೇ ಕೆಲವು ಅದರ ಅಂಟುವ ಭಾಗಗಳನ್ನು ಹಿಡಿದು ಮುಚ್ಚುತ್ತವೆ. ಇನ್ನು ಕೆಲವು ಬಾಣಂತಿ ಕೋಣೆಯ ಹಾಗೆ. ಗ್ರೋ-ಇ-ಎಲ್ ಅನ್ನುವುದು ಏಳೇಳು ತುಂಡುಗಳ ಎರಡು ಬಳೆ ಜೋಡಿಸಿದ ಪೀಪಾಯಿ, ಮೇಲೊಂದು ಮುಚ್ಚಳ. ಒಂದೇ ಒಂದು ಮಾಲೆಯನ್ನು ಒಳಗೆ ಬಿಟ್ಟುಕೊಂಡು ಬಾಗಿಲು ಹಾಕುತ್ತದೆ, ಹತ್ತು ಸೆಕೆಂಡಿನಷ್ಟು ಹೊತ್ತು ಯಾರ ಸೋಂಕೂ ಇಲ್ಲ. ಅಷ್ಟರಲ್ಲಿ ಮಡಚಿಕೊಂಡರೆ ಸರಿ, ಇಲ್ಲವಾದರೆ ಇನ್ನೊಂದು ಸರದಿ. ಪೀಪಾಯಿ ಆಕಾರವನ್ನು ಕಲಿಸುವುದಿಲ್ಲ. ಅದು ಕೊಡುವುದು ಏಕಾಂತ. ಈ ಬಗೆಯ ಶಾಪರೋನ್‌ಗಳ ಕೆಲಸವನ್ನು 1980ರ ದಶಕದ ಕೊನೆಗೆ ಮೊದಲು ಬಿಡಿಸಿ ತೋರಿಸಿದವರು ಆರ್ಥರ್ ಹಾರ್ವಿಚ್ ಮತ್ತು ಉಲ್ರಿಚ್ ಹಾರ್ಟ್ಲ್.

ತುಮಕೂರು_ಮೇಷ್ಟ್ರು · ಸೋಮವಾರ, ಸಂಜೆ 5:50

ತಿದ್ದಿದ್ದಕ್ಕೆ ಧನ್ಯವಾದ ತಾಯಿ. ನಾಳೆ ತರಗತಿಯಲ್ಲಿ ಮೊದಲ ಕೆಲಸ ಇದೇ. ಇಷ್ಟು ವರ್ಷ "ಹಿಂದಿರುಗದ ಬದಲಾವಣೆ" ಅಂತಲೇ ಬರೆಸಿದ್ದೆ.

ಅವ್ವನ_ಅಡಗಿ · ಸೋಮವಾರ, ಸಂಜೆ 6:30

ಹಾಂಗಾರ ಅಂಗಡ್ಯಾಗ ಚೈನಾ ಗ್ರಾಸ್ ಹಾಕಿ ಮಾಡಿದ್ದನ್ನ ಗಿಣ್ಣ ಅಂತ ಮಾರಿದ್ರ ಕಂಡು ಹಿಡಿಯೂದು ಹ್ಯಾಂಗ್ರಿ?

ಕೊಪ್ಪದ_ಹುಡುಗಿ · ಸೋಮವಾರ, ಸಂಜೆ 6:48

ಒಂದು ತುಂಡು ಬಟ್ಟಲಲ್ಲಿ ಹಾಕಿ ಸ್ವಲ್ಪ ನೀರಿನೊಂದಿಗೆ ಕುದಿಸಿ. ಚೈನಾ ಗ್ರಾಸ್ ಕಡಲ ಪಾಚಿಯ ಸಕ್ಕರೆ ಸರಪಳಿ, ಪ್ರೋಟೀನಲ್ಲ. ಕುದಿಸಿದರೆ ಕರಗಿ, ಆರಿದರೆ ಮತ್ತೆ ಕಟ್ಟುತ್ತದೆ. ನಿಜವಾದ ಗಿಣ್ಣು ಕರಗುವುದಿಲ್ಲ.

ರೇಷ್ಮೆ_ಬೆಳೆಗಾರ · ಸೋಮವಾರ, ರಾತ್ರಿ 9:05

ನಾನು ಶಿಡ್ಲಘಟ್ಟದ ಕಡೆಯವನು. ಓದಿದ್ದು ಎಸ್ಸೆಸ್ಸೆಲ್ಸಿ, ಆದರೆ ಹುಳ ಸಾಕೋದರಲ್ಲಿ ಮೂವತ್ತು ವರ್ಷ. ಮೇಡಂ, ನೀವು ಸಂದಣಿ ಅಂದಿರಿ. ನಾಲ್ಕನೇ ಜ್ವರ (ಹುಳ ಪೊರೆ ಬಿಡೋದಕ್ಕೆ ನಾವು ಅನ್ನೋದು ಹಾಗೆ) ಎದ್ದು ಏಳೆಂಟು ದಿನಕ್ಕೆ ಹುಳ ಹಣ್ಣಾಗುತ್ತೆ, ಅಂದರೆ ಗೂಡು ಕಟ್ಟೋಕೆ ತಯಾರಾಗುತ್ತೆ. ಹಣ್ಣಾದ ಹುಳ ಒಡೆದರೆ ಒಳಗಿರೋದು ಗಂಜಿಯಂಥ ಅಂಟು, ದಾರ ಅಲ್ಲ. ಗೂಡು ಕಟ್ಟೋಕೆ ಬಿಡೋ ತಟ್ಟೆ, ಚಂದ್ರಿಕೆಗೆ ಹಾಕಿದ ಮೇಲೆ ಅದೇ ಅಂಟು ಬಾಯಿಂದ ಹೊರಗೆ ಬಂದ ಕ್ಷಣಕ್ಕೆ ದಾರ. ಇಷ್ಟು ದಟ್ಟ ಅಂಟು ಹುಳದ ಹೊಟ್ಟೆಯಲ್ಲೇ ಯಾಕೆ ಗಟ್ಟಿಯಾಗಲ್ಲ? ಕೇಳೋಣ ಅಂತ ಎಷ್ಟೋ ದಿನದಿಂದ ಇತ್ತು, ಯಾರನ್ನು ಕೇಳೋದು ಗೊತ್ತಿರಲಿಲ್ಲ.

ಕೊಪ್ಪದ_ಹುಡುಗಿ · ಮಂಗಳವಾರ, ಮಧ್ಯಾಹ್ನ 12:40

ಅಣ್ಣ, ನಿಮ್ಮ ಪ್ರಶ್ನೆಗೆ ರಾತ್ರಿಯೆಲ್ಲ ಮನಸ್ಸಿನಲ್ಲೇ ಉತ್ತರ ಬರೆಯುತ್ತಿದ್ದೆ.

ಆ ಅಂಟಿನ ಮುಖ್ಯ ಪ್ರೋಟೀನು ಫೈಬ್ರೋಯಿನ್. ಅದರ ದೊಡ್ಡ ಸರಪಳಿಯಲ್ಲಿ ಐದು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲ, ಹೆಚ್ಚಿನವು ಗ್ಲೈಸಿನ್ ಮತ್ತು ಅಲನಿನ್, ಎಲ್ಲಕ್ಕಿಂತ ಚಿಕ್ಕವು. ಅವೇ ಮತ್ತೆ ಮತ್ತೆ ಬರುವುದರಿಂದ ಸರಪಳಿಗಳು ಹಾಳೆ ಮೇಲೆ ಹಾಳೆ ಇಟ್ಟ ಹಾಗೆ ಒತ್ತಾಗಿ ಕೂರಬಲ್ಲವು. ಆ ಹಾಳೆಗಳ ಹರಳುಗಳೇ ರೇಷ್ಮೆಯ ಬಲ. ಗ್ರಂಥಿಯ ಒಳಗೆ ಅವು ಇನ್ನೂ ಹಾಳೆಯಾಗಿರುವುದಿಲ್ಲ, ಸಡಿಲ ಸುತ್ತಿನಲ್ಲಿ ನೀರು ಹಿಡಿದುಕೊಂಡು ಇರುತ್ತವೆ. ಬಾಯಿಯ ಕಡೆ ಬರುತ್ತಾ ನಾಳದಲ್ಲಿ ಆಮ್ಲೀಯತೆ ಏರುತ್ತದೆ, ನಾಳ ಕಿರಿದಾಗುತ್ತದೆ. ಸರಪಳಿಯ ಒಂದು ತುದಿ ಆ ಹುಳಿಯನ್ನು ಗುರುತಿಸಿ ಪಕ್ಕದ ಸರಪಳಿಯ ತುದಿಯನ್ನು ಹಿಡಿಯುತ್ತದೆ. ಆಮೇಲೆ ಹುಳ ಎಂಟರ ಆಕಾರದಲ್ಲಿ ತಲೆ ಆಡಿಸುತ್ತದಲ್ಲ, ಆ ಎಳೆತ. ಹುಳ ದಾರವನ್ನು ಉಗಿಯುವುದಿಲ್ಲ, ಎಳೆಯುತ್ತದೆ. ಎಳೆದಾಗ ಸರಪಳಿಗಳು ಉದ್ದಕ್ಕೆ ನೆಟ್ಟಗಾಗಿ ಹಾಳೆಗಳು ಕೂಡಿಕೊಳ್ಳುತ್ತವೆ, ನೀರು ಹೊರಬೀಳುತ್ತದೆ. ಗಿಣ್ಣಿನಲ್ಲಿ ಅಪಘಾತವಾಗಿ ಆಗುವುದನ್ನು ಹುಳ ಬೇಕಾದ ಜಾಗದಲ್ಲಿ, ಬೇಕಾದ ಕ್ಷಣದಲ್ಲಿ ಮಾಡಿಸುತ್ತದೆ. ಸ್ಪೇನಿನ ಮುರ್ಸಿಯಾದಲ್ಲಿ ಹಿಂದೆ ಹಣ್ಣಾದ ಹುಳವನ್ನು ವಿನೆಗರಿನಲ್ಲಿ ನೆನೆಸಿ, ಗ್ರಂಥಿಯನ್ನು ಕೈಯಲ್ಲಿ ಎಳೆದು ಗಾಳದ ದಾರ ಮಾಡುತ್ತಿದ್ದರು. ಅಲ್ಲಿಯೂ ಹುಳಿ ಮತ್ತು ಎಳೆತ.

ಇನ್ನೊಂದು ನಿಮಗೆ ಹೇಳಲೇಬೇಕು. ಫೈಬ್ರೋಯಿನ್‌ನ ದೊಡ್ಡ ಸರಪಳಿ ಕೋಶದಿಂದ ಹೊರಡುವ ಮೊದಲು ಒಂದು ಚಿಕ್ಕ ಸರಪಳಿಯ ಜೊತೆ ಗಂಧಕದ ಗಂಟು ಹಾಕಿಕೊಳ್ಳಬೇಕು. ಈ ಕೆಲಸ ನಡೆಯುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಜಾಲದಂಥ ಕೋಣೆಗಳಲ್ಲಿ. ಚಿಕ್ಕ ಸರಪಳಿ ಕೆಟ್ಟಿರುವ ಒಂದು ರೇಷ್ಮೆ ತಳಿ ಇದೆ, "ಬೆತ್ತಲೆ ಪ್ಯೂಪಾ" ಅನ್ನಬಹುದು (ಪ್ಯೂಪಾ ಅಂದರೆ ಗೂಡಿನೊಳಗಿನ ಹುಳ). ಅದರ ದೊಡ್ಡ ಸರಪಳಿಯಲ್ಲಿ ಯಾವ ದೋಷವೂ ಇಲ್ಲ. ಆದರೂ ಜೊತೆಗಾರ ಇಲ್ಲದ್ದರಿಂದ ಜೀವಕೋಶ ಅದನ್ನು ಹೊರಗೆ ಬಿಡುವುದಿಲ್ಲ, ಕೋಣೆಯಲ್ಲೇ ಕೂಡಿಹಾಕುತ್ತದೆ. ಆ ಹುಳ ಕಟ್ಟುವುದು ಬಹುಪಾಲು ಸೆರಿಸಿನ್ ಗೋಂದಷ್ಟೇ ಇರುವ ತೆಳು ಗೂಡು. ನಿಮ್ಮ ಮನೆಯಲ್ಲಿ ಜೊಳ್ಳು ಗೂಡು ಕಂಡರೆ ಕಾರಣ ಇದು ಅಂದುಕೊಳ್ಳಬೇಡಿ ಅಣ್ಣ, ಅಲ್ಲಿ ಸಾಮಾನ್ಯವಾಗಿ ರೋಗ, ಸೆಕೆ ಅಥವಾ ಸೊಪ್ಪಿನ ಕೊರತೆ.

ಈ ತಪಾಸಣೆ ನಮ್ಮ ಕೋಶಗಳಲ್ಲೂ ಇದೆ. ಮಡಿಕೆ ಸರಿಯಾಗದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ 76 ಅಮೈನೋ ಆಮ್ಲಗಳ ಚೀಟಿಯನ್ನು ಸಾಲಾಗಿ ಅಂಟಿಸಿ, ಪ್ರೋಟಿಯಸೋಮ್ ಎಂಬ ಕತ್ತರಿಯಂತ್ರಕ್ಕೆ ಕಳಿಸುತ್ತದೆ. ಇದನ್ನು ಕಂಡುಹಿಡಿದ ಚಿಕನೋವರ್, ಹರ್ಶ್ಕೊ, ರೋಸ್ ಮೂವರಿಗೂ 2004ರಲ್ಲಿ ನೊಬೆಲ್ ಬಂತು. ಕೆಲವು ಸಲ ಈ ತಪಾಸಣೆ ಅತಿ ಕಟ್ಟುನಿಟ್ಟು. ಶ್ವಾಸಕೋಶವನ್ನು ಕಾಡುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಬಹಳ ರೋಗಿಗಳಲ್ಲಿ 1480 ಅಮೈನೋ ಆಮ್ಲಗಳ ಪ್ರೋಟೀನಿನಲ್ಲಿ 508ನೆಯದು ಒಂದೇ ಇಲ್ಲ. ಕೋಶದ ಹೊರಮೈಗೆ ತಲುಪಿದರೆ ಅದು ಅಷ್ಟಿಷ್ಟು ಕೆಲಸ ಮಾಡುತ್ತದೆ, ಆದರೆ ತಪಾಸಣೆಯವರು ಮಧ್ಯದಲ್ಲೇ ಹಿಡಿದು ಕತ್ತರಿಸಿಬಿಡುತ್ತಾರೆ. ಆ ಪ್ರೋಟೀನಿನ ಮಡಿಕೆಗೆ ಆಸರೆ ಕೊಟ್ಟು ಹೊರಮೈಗೆ ತಲುಪಿಸುವ, ಅಲ್ಲಿ ಅದರ ದ್ವಾರ ತೆರೆಸುವ ಮೂರು ಔಷಧಿಗಳ ಮಾತ್ರೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಉಸಿರಿಗೆ ಒದ್ದಾಡುತ್ತಿದ್ದ ಮಕ್ಕಳು ಓಡಾಡುವಂತಾದರು. ನನ್ನ ಕೆಲಸ ಬೇಸರ ತಂದ ದಿನ ನಾನು ನೆನೆಯುವುದು ಇದನ್ನೇ.

ರೇಷ್ಮೆ_ಬೆಳೆಗಾರ · ಮಂಗಳವಾರ, ರಾತ್ರಿ 8:15

ಎರಡು ಸಲ ಓದಿದೆ ಮೇಡಂ. ನಾಳೆ ಚಂದ್ರಿಕೆ ಮುಂದೆ ಕೂತು ಹುಳ ತಲೆ ಆಡಿಸೋದನ್ನ ಮತ್ತೆ ನೋಡ್ತೀನಿ.

ಹಳೇ_ಮಲ್ಲೇಶ್ವರ · ಮಂಗಳವಾರ, ರಾತ್ರಿ 9:40

ಗ್ಲೈಸಿನ್ ಹೆಸರು ಬಂದದ್ದರಿಂದ ಈ ಮುದುಕನಿಗೂ ಸುಮ್ಮನಿರಲಾಗಲಿಲ್ಲ. ಈ ವಿದ್ಯೆಗೂ ನಮ್ಮೂರಿಗೂ ನಂಟಿದೆ. ಜಿ. ಎನ್. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಮದರಾಸಿನಲ್ಲಿದ್ದಾಗ 1963ರಲ್ಲಿ ರಾಮಕೃಷ್ಣನ್, ಶಶಿಶೇಖರನ್ ಜೊತೆ ಒಂದು ನಕ್ಷೆ ಪ್ರಕಟಿಸಿದರು. ಮಾಲೆಯ ಪ್ರತಿಯೊಂದು ಕೊಂಡಿಯೂ ಎರಡು ಕೋನಗಳಲ್ಲಿ ತಿರುಗಬಲ್ಲದು. ಎರಡನ್ನೂ ಚೌಕದ ಎರಡು ಅಂಚಿನಲ್ಲಿ ಗುರುತಿಸಿ, ಯಾವ ತಿರುವಿನಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಅಂತ ಲೆಕ್ಕ ಹಾಕಿದರೆ ಚೌಕದ ಹೆಚ್ಚಿನ ಜಾಗ ನಿಷಿದ್ಧ. ಉಳಿಯುವುದು ಕೆಲವು ದ್ವೀಪ. ಚಿಕ್ಕ ಗ್ಲೈಸಿನ್‌ಗೆ ಮಾತ್ರ ವಿಶಾಲ ಸ್ವಾತಂತ್ರ್ಯ. ಇಂದಿಗೂ ಜಗತ್ತಿನಲ್ಲಿ ಯಾರೇ ಹೊಸ ಪ್ರೋಟೀನಿನ ರಚನೆ ಬಿಡಿಸಿದರೂ ಅದು ಸರಿಯೇ ಅಂತ ಈ ನಕ್ಷೆಯ ಮೇಲಿಟ್ಟು ನೋಡುತ್ತಾರೆ. 70ರ ದಶಕದ ಆರಂಭದಲ್ಲಿ ಅವರು ಬೆಂಗಳೂರಿಗೆ ಮರಳಿ ಅಣುಜೀವಭೌತ ವಿಭಾಗ ಕಟ್ಟಿದರು.

ಅದಕ್ಕೂ ಮೊದಲು, 1954ರಲ್ಲಿ, ಗೋಪಿನಾಥ್ ಕರ್ತಾ ಜೊತೆ ಕೊಲಾಜೆನ್ ಮೂರೆಳೆಯ ಹುರಿ ಅಂತ ತೋರಿಸಿದ್ದರು. ಚರ್ಮ, ಒಸಡು, ಸ್ನಾಯುರಜ್ಜು ಎಲ್ಲ ಕೊಲಾಜೆನ್. ಆ ಹುರಿ ದೇಹದ ಬಿಸಿಗೆ ಬಿಚ್ಚದಿರಲು ಅದರ ಪ್ರೋಲಿನ್‌ಗಳಿಗೆ ಆಮ್ಲಜನಕದ ಒಂದು ಗುಂಪು ಸೇರಬೇಕು, ಆ ಕಿಣ್ವಕ್ಕೆ ವಿಟಮಿನ್ ಸಿ ಬೇಕು. ಸೇರದಿದ್ದರೆ ಹುರಿ ಸುಮಾರು 24 ಡಿಗ್ರಿಗೇ ಸಡಿಲ, ನಮ್ಮ ಮೈ 37. ಹಿಂದೆ ತಿಂಗಳುಗಟ್ಟಲೆ ಹಣ್ಣು ತರಕಾರಿ ಇಲ್ಲದೆ ಸಾಗುತ್ತಿದ್ದ ಹಡಗಿನವರ ಒಸಡಿನಲ್ಲಿ ರಕ್ತ ಬರುತ್ತಿದ್ದದ್ದು ಹೀಗೆ. ಪ್ರೋಟೀನಿನ ಮಡಿಕೆ ಅಂದಾಗ ನನಗೆ ನೆನಪಾಗುವುದು ನಮ್ಮಜ್ಜಿಯ ನೆಲ್ಲಿಕಾಯಿ ಭರಣಿ.

ಎಂಎಸ್ಸಿ_ಮೊದಲ_ವರ್ಷ · ಬುಧವಾರ, ಬೆಳಗ್ಗೆ 8:30

ಅಕ್ಕ, ಪ್ರೋಟೀನಿನ ಆಕಾರ ಊಹಿಸೋ ಕಂಪ್ಯೂಟರ್ ಪ್ರೋಗ್ರಾಂ ಆಲ್ಫಾಫೋಲ್ಡ್ ಬಂದ ಮೇಲೆ ಮಡಿಕೆಯ ಸಮಸ್ಯೆ ಮುಗಿಯಿತು ಅಂತ ನಮ್ಮ ತರಗತಿಯಲ್ಲಿ ಹೇಳ್ತಾರೆ. 2024ರ ನೊಬೆಲ್ ಕೂಡ ಬಂತು. ಇನ್ನು ಈ ವಿಷಯದಲ್ಲಿ ಪಿಎಚ್‌ಡಿಗೆ ಸೇರೋದು ದಂಡವಾ?

ಕೊಪ್ಪದ_ಹುಡುಗಿ · ಬುಧವಾರ, ಮಧ್ಯಾಹ್ನ 1:30

ದಂಡವಲ್ಲ. ಆಲ್ಫಾಫೋಲ್ಡ್ ಕಟ್ಟಿದ ಹಸಾಬಿಸ್, ಜಂಪರ್ ಮಾಡಿದ್ದು ನಿಜಕ್ಕೂ ದೊಡ್ಡದು, 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹಿಸಿದ ಆಕಾರ ಈಗ ಯಾರಿಗೆ ಬೇಕಾದರೂ ಉಚಿತ. ನಾನೂ ದಿನಾ ಬಳಸುತ್ತೇನೆ. ಆದರೆ ಅದು ಕೊಡುವುದು ಮಡಚಿ ಮುಗಿದ ಮೇಲಿನ ಚಿತ್ರ. ದಾರಿ ಹೇಗಿತ್ತು, ಸಂದಣಿಯಲ್ಲಿ ಎಷ್ಟು ಎಡವಿದವು, ಯಾರು ಎತ್ತಿ ಹಿಡಿದರು, ಅದು ಹೇಳುವುದಿಲ್ಲ. ಈ ಚರ್ಚೆಯ ಕೇಸೀನನ್ನೇ ಅದಕ್ಕೆ ಕೊಟ್ಟು ನೋಡು. ಹೆಚ್ಚು ಭಾಗ ಕೇಸರಿ ಬಣ್ಣದ ಸಡಿಲ ದಾರವಾಗಿ ಬರುತ್ತದೆ. ನಂಬಿಕೆ ಕಡಿಮೆ ಅಂತ ಅದರ ಅರ್ಥ. ಮಡಿಕೆಯಿಲ್ಲದ ಇಂಥ ಭಾಗಗಳು ನಮ್ಮ ಪ್ರೋಟೀನುಗಳಲ್ಲಿ ಬೇಕಾದಷ್ಟಿವೆ, ಕೋಶದ ನಿಯಂತ್ರಣದ ಕೆಲಸವೆಲ್ಲ ಹೆಚ್ಚಾಗಿ ಅಲ್ಲೇ. ಒಂದು ಫಾಸ್ಫೇಟ್ ಗುಂಪು ಸೇರಿತೋ ಬಿಟ್ಟಿತೋ ಅನ್ನುವುದರ ಮೇಲೆ ಯಾರ ಜೊತೆ ಕೂಡಬೇಕು ಅಂತ ನಿರ್ಧಾರವಾಗುತ್ತದೆ. ಕೇಸೀನ್ ಕ್ಯಾಲ್ಸಿಯಂ ಹಿಡಿಯುವುದೂ ಆ ಫಾಸ್ಫೇಟ್‌ನಿಂದಲೇ. ಸೇರಿಕೋ.

ಸಾಗರದ_ಸೊಸೆ · ಬುಧವಾರ, ರಾತ್ರಿ 8:50

ನನಗೊಂದು ಭಯ ಹುಟ್ಟಿದೆ. ಮಗಳಿಗೆ ಇವತ್ತು 102 ಜ್ವರ. ಮೈಯೊಳಗಿನ ಪ್ರೋಟೀನು ಬೇಯುತ್ತಾ?

ಕೊಪ್ಪದ_ಹುಡುಗಿ · ಬುಧವಾರ, ರಾತ್ರಿ 9:02

ಇಲ್ಲ ಅಕ್ಕ, ಹೆದರಬೇಡಿ. ಅದು 39 ಡಿಗ್ರಿಯ ಹತ್ತಿರ, ಗಿಣ್ಣು ಕಟ್ಟಲು 70 ದಾಟಬೇಕು. ಸಡಿಲವಾಗಿರುವ ಕೆಲವಕ್ಕೆ, ಈಗಷ್ಟೇ ಹುಟ್ಟುತ್ತಿರುವವಕ್ಕೆ ಸ್ವಲ್ಪ ತೊಂದರೆ ಆಗಬಹುದು, ಕೋಶ ಅದಕ್ಕೂ ಸಿದ್ಧವಾಗಿರುತ್ತದೆ. ಶಾಪರೋನ್‌ಗಳನ್ನು ಹೆಚ್ಚು ತಯಾರಿಸು ಅಂತ ಜೀನುಗಳಿಗೆ ಹೇಳುವ ಒಂದು ಪ್ರೋಟೀನಿದೆ. ಮಾಮೂಲಿ ದಿನ ಶಾಪರೋನ್‌ಗಳೇ ಅದನ್ನು ಹಿಡಿದು ಕೂರಿಸಿರುತ್ತವೆ. ಬಿಸಿಗೆ ಬಿಚ್ಚಿದ ಪ್ರೋಟೀನುಗಳು ಹೆಚ್ಚಾದಾಗ ಶಾಪರೋನ್‌ಗಳು ಅತ್ತ ಓಡುತ್ತವೆ, ಇದು ಬಿಡುಗಡೆಯಾಗಿ ಮೂರು ಮೂರು ಜೊತೆಗೂಡಿ ಜೀನನ್ನು ಎಬ್ಬಿಸುತ್ತದೆ. ಇಟಲಿಯ ರಿಟೋಸ್ಸಾ ಇದರ ಮೊದಲ ಗುರುತನ್ನು ಕಂಡು 1962ರಲ್ಲಿ ಪ್ರಕಟಿಸಿದರು, ಹಣ್ಣಿನ ನೊಣಗಳ ಪೆಟ್ಟಿಗೆಯ ಶಾಖವನ್ನು ಯಾರೋ ತಪ್ಪಾಗಿ ಏರಿಸಿದ್ದರಿಂದ. ಈಗ ಮಗಳಿಗೆ ನೀರು, ಗಂಜಿ ಕೊಡುತ್ತಾ ಇರಿ, ಜ್ವರ ಇಳಿಯದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಅವ್ವನ_ಅಡಗಿ · ಬುಧವಾರ, ರಾತ್ರಿ 9:20

ಕೂಸು ಲಗೂನ ಆರಾಮ ಆಗ್ಲಿ ಅಕ್ಕಾರ.

ಸಾಗರದ_ಸೊಸೆ · ಮುಂದಿನ ಬುಧವಾರ, ಸಂಜೆ 7:15

ಜ್ವರ ಎರಡೇ ದಿನಕ್ಕೆ ಇಳಿಯಿತು, ಎಲ್ಲರಿಗೂ ಧನ್ಯವಾದ. ನಿನ್ನೆ ಪಕ್ಕದ ಮನೆಯ ಹಸು ಕರು ಹಾಕಿತು. ಕರು ಕುಡಿದ ಮೇಲೆ ಅವರು ಒಂದು ಲೋಟ ಕೊಟ್ಟರು. ಮಗಳು ನಾಲ್ಕು ಬಟ್ಟಲು ಇಟ್ಟಳು: ಹಾಗೇ ಒಂದು, ಸಮಪಾಲು ನೀರು ಒಂದು, ನಾಲ್ಕು ಪಾಲು ನೀರು ಒಂದು, ಎಂಟು ಪಾಲು ನೀರು ಒಂದು. ಬೆಲ್ಲ ಹಾಕಲು ಬಿಡಲಿಲ್ಲ. ಒಂದೇ ಪಾತ್ರೆಯಲ್ಲಿ, ಒಂದೇ ಹಬೆ. ಮೊದಲನೆಯದು ಬಟ್ಟಲು ಬೋರಲು ಹಾಕಿದರೂ ಬೀಳಲಿಲ್ಲ. ಎರಡನೆಯದು ಮೆತ್ತಗೆ ಕಟ್ಟಿತು. ಮೂರನೆಯದರಲ್ಲಿ ಬಿಳಿ ಚೂರುಗಳು ತೇಲಿದವು. ನಾಲ್ಕನೆಯದು ಬಿಳಿ ನೀರಾಗಿಯೇ ಉಳಿಯಿತು. ಅವಳು ನೋಟ್‌ಬುಕ್ಕಿನಲ್ಲಿ ನಾಲ್ಕೂ ಬಟ್ಟಲು ಬರೆದು, ಕೊನೆಯದರ ಕೆಳಗೆ "ಇಲ್ಲಿ ಯಾರಿಗೂ ಯಾರೂ ಸಿಗಲಿಲ್ಲ" ಅಂತ ಬರೆದಿದ್ದಾಳೆ.

ಕೊಪ್ಪದ_ಹುಡುಗಿ · ಮುಂದಿನ ಬುಧವಾರ, ಸಂಜೆ 7:40

ಸಿಕ್ಕಿರುತ್ತಾರೆ ಅಕ್ಕ, ಕಣ್ಣಿಗೆ ಕಾಣದಷ್ಟು ಸಣ್ಣ ಗುಂಪುಗಳಾಗಿ. ಅದಕ್ಕೇ ನೀರು ಬೆಳ್ಳಗಿರುವುದು. ಇನ್ನೊಮ್ಮೆ ಹಾಲು ಸಿಕ್ಕರೆ ಹದಿನಾರು ಪಾಲಿನದೂ ಒಂದು ಇಡಲು ಹೇಳಿ, ಪಕ್ಕದಲ್ಲೇ ಬೇಯಿಸದ ಅದೇ ಬೆರಕೆ ಇನ್ನೊಂದು ಬಟ್ಟಲಲ್ಲಿರಲಿ. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಲಿ.